ಏರಿನಲ್ಲಿ ನಿಲ್ಲುವ ವ್ಯಾನು

ನಮ್ಮ ವ್ಯಾನು ಕದ್ರಿಯ ಏರಿನಲ್ಲಿ ಮೊದಲ ಸಲ ನಿಂತಾಗ ಹಿಂದೆ ಎರಡು ಕ್ಯಾನ್ ಸಾಂಬಾರು, ಒಂದು ಬುಟ್ಟಿ ಹಬೆಯಲ್ಲಿ ಬೇಯಿಸಿದ ಅಕ್ಕಿಯುಂಡೆ ಪುಂಡಿ, ಬಟ್ಟೆ ಹೊದೆಸಿದ ಬನ್ಸ್ ಇದ್ದವು. ಪಕ್ಕದ ಸೀಟಿನಲ್ಲಿ ಹೆಂಡತಿ ಇದ್ದಳು. ಎಂಜಿನು ಒಂದೆರಡು ಸಲ ಬಿಕ್ಕಳಿಸಿ, ಆಮೇಲೆ ಎಳೆಯುವುದನ್ನೇ ಬಿಟ್ಟಿತು. ಹಿಂದಿನ ಬಸ್ಸಿನವನು ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ನಮ್ಮದು ಹಳೆಯ ಮಾದರಿ. ಎಂಜಿನು ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಅದನ್ನು ನೋಡಬೇಕಾದರೆ ಮೊದಲು ಹೆಂಡತಿಯನ್ನು ಎಬ್ಬಿಸಬೇಕು.

"ಎಂತ ಆಯ್ತು?" ಎಂದಳು, ಇಳಿಯದೆ.

"ಗೊತ್ತಿಲ್ಲ."

"ಗೊತ್ತಿಲ್ಲದವರು ಸೀಟು ಎತ್ತಿ ಎಂತ ನೋಡ್ತೀರಿ? ಪುಂಡಿ ತಣ್ಣಗಾದ್ರೆ ಯಾರೂ ಮುಟ್ಟುವುದಿಲ್ಲ."

ಆದರೂ ಇಳಿದಳು. ನಾನು ಸೀಟು ಎತ್ತಿ ನೋಡಿದೆ, ಅವಳೂ ನೋಡಿದಳು. ಬಿಸಿ ಗಾಳಿ ಮುಖಕ್ಕೆ ಬಂತು, ಅಷ್ಟೇ. ಸ್ವಲ್ಪ ಹೊತ್ತು ಕಾದು ಕೀ ತಿರುಗಿಸಿದರೆ, ಏನೂ ಆಗಲೇ ಇಲ್ಲ ಎಂಬಂತೆ ಸ್ಟಾರ್ಟ್ ಆಯಿತು.

ನಾವಿರುವುದು ಕಾಟಿಪಳ್ಳದಲ್ಲಿ. ನಾನು ಕೆಲಸ ಮಾಡುತ್ತಿದ್ದ ಹಾರ್ಡ್‌ವೇರ್ ಅಂಗಡಿ ಮುಚ್ಚಿದ ಮೇಲೆ ಹೆಂಡತಿಯೇ ಒಂದು ದಾರಿ ಹುಡುಕಿದಳು: ಕದ್ರಿಯ ಒಂದು ಆಫೀಸಿನ ಕ್ಯಾಂಟೀನಿಗೆ ಬೆಳಗಿನ ತಿಂಡಿ ಮಾಡಿ ಕೊಡುವುದು. ಅವಳು ಬೇಯಿಸುತ್ತಾಳೆ, ನಾನು ತೆಂಗಿನಕಾಯಿ ಹೆರೆದು, ಪಾತ್ರೆ ತೊಳೆದು, ವ್ಯಾನು ಓಡಿಸುತ್ತೇನೆ. ವ್ಯಾನು ನಿಂತರೆ ಎಲ್ಲವೂ ನಿಂತ ಹಾಗೆ. ಹಾಗಾಗಿ ಅದೇ ದಿನ ಮಧ್ಯಾಹ್ನ ಕಾಕನ ಶೆಡ್ಡಿಗೆ ಹೋದೆ.

ಕಾಕ ಎಂದರೆ ನಮ್ಮ ಹಿಂದಿನ ಗಲ್ಲಿಯ ಮೆಕ್ಯಾನಿಕ್. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳಲ್ಲಿ ಕಾಕ ಎಂದರೆ ಅಣ್ಣ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವರು, ನಾನೂ ಹಾಗೇ ಕರೆಯುತ್ತೇನೆ. ಹರೆಯದಲ್ಲಿ ಗಲ್ಫಿನ ಗ್ಯಾರೇಜಿನಲ್ಲಿ ದುಡಿದು ಬಂದು, ಮನೆಯ ಎದುರಿನ ಗೇರು ಮರದ ಅಡಿಯಲ್ಲಿ ಶೀಟು ಹಾಕಿ ಕೂತವರು. ಅಷ್ಟಮಿಗೆ ನಮ್ಮ ಮನೆಯಲ್ಲಿ ಓಲೆಯೊಳಗೆ ಬೇಯಿಸಿದ ಮೂಡೆ ಅವರಿಗೆ, ಹಬ್ಬಕ್ಕೆ ಅವರ ಮನೆಯ ಪಾಯಸ ನಮಗೆ. ನಾವು ಮಾತಾಡುವುದು ತುಳುವಿನಲ್ಲಿ. ಬರೆಯುವಾಗ ಕನ್ನಡ ಮಾಡಿಕೊಂಡಿದ್ದೇನೆ.

ಆ ದಿನಗಳಲ್ಲಿ ಅವರ ಮನೆಯಲ್ಲಿ ಅಳಿಯ ಇದ್ದ. ಮಗಳಿಗೆ ಏಳು ತಿಂಗಳಿಗೇ ಹೆರಿಗೆಯಾಗಿ, ಮಗು ಹತ್ತಿಯಲ್ಲಿ ಸುತ್ತಿ ಇಡುವಷ್ಟು ಸಣ್ಣದಿತ್ತು. ಅಳಿಯ ಗಲ್ಫಿನಿಂದ ಓಡಿ ಬಂದವನು ರಜೆ ಎಳೆದು ಎಳೆದು ಅಲ್ಲೇ ಉಳಿದಿದ್ದ. ಆದರೆ ಅದಕ್ಕೊಂದು ಮಿತಿ ಉಂಟು. ಬಂದ ದಿನದಿಂದ ಆರು ತಿಂಗಳೊಳಗೆ ವಾಪಸು ಮುಟ್ಟದಿದ್ದರೆ ಅಲ್ಲಿಯ ವೀಸಾ ರದ್ದಾಗುತ್ತದೆ, ಕೆಲಸವೂ ಹೋಗುತ್ತದೆ. ನಮ್ಮ ಕಡೆ ಇದು ಚಿಕ್ಕ ಮಕ್ಕಳಿಗೂ ಗೊತ್ತಿರುವ ಲೆಕ್ಕ. ಕಾಕ ಸ್ಪಾನರ್ ತಿರುಗಿಸುತ್ತಲೇ ಹೇಳುತ್ತಿದ್ದರು: "ಮಗು ಸ್ವಲ್ಪ ತೂಕ ಹಿಡೀಲಿ ಅಂತ ಕಾಯ್ತಿದ್ದಾನೆ ಪಾಪ. ಆಮೇಲೆ ಹೋಗ್ಲೇಬೇಕು."

ಮೊದಲ ಸಲ ಪ್ಲಗ್ಗು ಬದಲಾಯಿಸಿದರು. ಎರಡನೆಯ ಸಲ ಕಾಯಿಲ್ ಬದಲಾಯಿಸಿ, ಕಾರ್ಬುರೇಟರ್ ಬಿಚ್ಚಿ ತೊಳೆದರು. ಪ್ರತಿ ಸಲವೂ ಶೆಡ್ಡಿನ ಎದುರಿನ ಸಮತಟ್ಟು ರಸ್ತೆಯಲ್ಲಿ ಓಡಿಸಿ ನೋಡಿದರೆ ವ್ಯಾನು ಕುದುರೆಯ ಹಾಗೆ ಹೋಗುತ್ತಿತ್ತು. ನಮ್ಮ ಗಲ್ಲಿಯಲ್ಲಿ ಏರು ಎಲ್ಲಿದೆ? ಮರುದಿನ ಕದ್ರಿಯಲ್ಲಿ ಅದು ಮತ್ತೆ ಬಿಕ್ಕಳಿಸಿ ನಿಲ್ಲುತ್ತಿತ್ತು. ಕಾಕನನ್ನು ಒಂದು ದಿನ ಬೆಳಿಗ್ಗೆ ಜೊತೆಗೇ ಕರೆದುಕೊಂಡು ಹೋದೆವು. ಅಂದು ನಿಲ್ಲಲೇ ಇಲ್ಲ.

"ನನ್ನನ್ನು ನೋಡಿ ಹೆದರಿತು," ಎಂದರು ಕಾಕ.

"ಹಾಗಾದ್ರೆ ದಿನಾ ಬನ್ನಿ," ಎಂದಳು ಹೆಂಡತಿ. "ಬನ್ಸ್ ಕೊಡ್ತೇನೆ."

ಮೂರನೆಯ ಸಲ ಕೊಂಡುಹೋಗುವಾಗ ರಂಜಾನ್ ತಿಂಗಳು. ಆ ವರ್ಷದ ಸೆಕೆ ಹೇಳಿ ಪ್ರಯೋಜನವಿಲ್ಲ. ಶೀಟಿನ ಅಡಿಯಲ್ಲಿ ನಿಂತರೆ ತಲೆ ಕಾಯುತ್ತಿತ್ತು. ನಾನು "ಹಬ್ಬ ಕಳೆದ ಮೇಲೆ ಮಾಡುವ ಕಾಕ" ಎಂದೆ. ಅವರು ಕೇಳಲಿಲ್ಲ. "ನಿಮ್ಮ ಹೊಟ್ಟೆಪಾಡು ಅಲ್ವಾ ಮಾರಾಯ್ರೆ" ಎಂದು ಗೋಣಿ ಹಾಸಿ ವ್ಯಾನಿನ ಅಡಿಗೆ ಹೋದರು.

ಪೆಟ್ರೋಲಿನ ಪೈಪು ಬಿಚ್ಚಿ ಅದರಲ್ಲಿ ಕಸ ಕಟ್ಟಿದೆಯೋ ನೋಡಬೇಕಿತ್ತು. ಅದಕ್ಕೆ ಪೈಪಿಗೆ ಬಾಯಿ ಇಟ್ಟು ಎಳೆಯಬೇಕು.

"ನನಗೆ ಇವತ್ತು ಬಾಯಿ ಇಡ್ಲಿಕ್ಕೆ ಆಗುದಿಲ್ಲ," ಎಂದರು ಅಡಿಯಿಂದಲೇ. "ನೀವೇ ಒಮ್ಮೆ ಎಳೆಯಿರಿ."

ಎಳೆದೆ. ಬಾಯಿ ತುಂಬ ಪೆಟ್ರೋಲು ಬಂತು. ಉಗಿದು, ಕೆಮ್ಮಿ, ಕಣ್ಣಲ್ಲಿ ನೀರು ಬಂದು ನಾನು ಗೇರು ಮರ ಹಿಡಿದು ನಿಂತರೆ ಅಡಿಯಿಂದ ಕಾಕನ ನಗು ಕೇಳಿತು. "ನುಂಗಬೇಡಿ ಆಯ್ತಾ! ನಾಳೆ ನಿಮ್ಮನ್ನೂ ಸ್ಟಾರ್ಟ್ ಮಾಡ್ಬೇಕಾದೀತು."

ನಕ್ಕರು, ಸರಿ. ಆದರೆ ಹೊರಗೆ ಬರುವಾಗ ಅವರ ತುಟಿ ಬಿಳಿಚಿ ಒಡೆದಿತ್ತು. ಟೈರಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತರು. ಎದುರಲ್ಲಿ ನೀರಿನ ಕೊಡ ಇತ್ತು, ಅದರಿಂದ ನಾನು ಬಾಯಿ ಮುಕ್ಕಳಿಸಿದ್ದೆ. ಅದನ್ನು ಅವರು ನೋಡಲಿಲ್ಲ, ಅಥವಾ ನೋಡದ ಹಾಗೆ ಮಾಡಿದರು.

"ಪೈಪಿನಲ್ಲಿ ಎಂತ ಇಲ್ಲ," ಎಂದರು. "ಫಿಲ್ಟರ್ ಹೊಸತು ಹಾಕಿದ್ದೇನೆ. ಇದರಲ್ಲೂ ಆಗದಿದ್ರೆ ಟ್ಯಾಂಕನ್ನೇ ಇಳಿಸಿ ನೋಡ್ಬೇಕು. ಅದು ದೊಡ್ಡ ಕೆಲಸ, ಹಬ್ಬ ಕಳೆದು ಮಾಡುವ. ನಾಳೆ ಕದ್ರಿಗೆ ಹೋಗಿ ಬಂದು ಹೇಳಿ, ಹೇಗೆ ಉಂಟು ಅಂತ."

ಮರುದಿನ ಕದ್ರಿಯಲ್ಲಿ ವ್ಯಾನು ನಿಂತಿತು. ಹಿಂದಿನ ಸಲ ನಿಂತ ಜಾಗವನ್ನೂ ದಾಟಲಿಲ್ಲ.

ಬರುವಾಗ ಶೆಡ್ಡಿನ ಎದುರು ಕಾಕ ನಿಂತಿದ್ದರು. ಜೊತೆಗೆ ರಿಕ್ಷಾ ರಿಪೇರಿಗೆ ತಂದವರು ಯಾರೋ ಇದ್ದರು. ನಮ್ಮನ್ನು ಕಂಡದ್ದೇ ಕೈ ಎತ್ತಿ ಕೇಳಿದರು: "ಹೇಗೆ ಉಂಟು?"

ಬಾಯಿಗೆ ಬಂದದ್ದು ಏನೆಂದು ನನಗೇ ತಿಳಿಯುವ ಮೊದಲು ಹೇಳಿ ಆಗಿತ್ತು. "ಈಗ ಸರಿ ಉಂಟು ಕಾಕ. ಏರಿನಲ್ಲಿ ಒಳ್ಳೆ ಪುಲ್ಲಿಂಗ್."

ಅವರ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ರಿಕ್ಷಾದವನ ಕಡೆ ತಿರುಗಿ, "ನೋಡಿದ್ರಾ? ಎಷ್ಟು ಸಲ ಬಿಚ್ಚಿದ್ದು ನಾನು! ಈಗ ಬಗ್ಗಿತು," ಎಂದರು.

ನಮ್ಮ ಗೇಟು ಮುಟ್ಟಿದ್ದೇ ಹೆಂಡತಿ ಇಳಿದು, ಖಾಲಿ ಕ್ಯಾನ್ ಕೆಳಗಿಟ್ಟು, "ಎಂತ ಹೇಳಿದ್ದು ನೀವು?" ಎಂದಳು.

"ಪಾಪ, ಉಪವಾಸ."

"ಉಪವಾಸ ಅವರಿಗೆ. ನಿಮಗೆಂತ ಆದದ್ದು?"

ನನಗೆ ಆದದ್ದು ಏನು ಎಂದು ಬಹಳ ಯೋಚಿಸಿದ್ದೇನೆ. ಅದಕ್ಕೆ ನಮ್ಮಲ್ಲಿ ದಾಕ್ಷಿಣ್ಯ ಎನ್ನುತ್ತಾರೆ, ಒಳ್ಳೆಯ ಗುಣದ ಪಟ್ಟಿಯಲ್ಲಿ ಸೇರಿಸುತ್ತಾರೆ. ನನ್ನ ಅಮ್ಮನೂ ಹಾಗೆ. ಯಾರ ಮನೆಗೆ ಹೋದರೂ ಹಸಿವಿಲ್ಲ ಎನ್ನುತ್ತಿದ್ದರು. ಡಾಕ್ಟರು ನೋವು ಹೇಗಿದೆ ಎಂದು ಕೇಳಿದರೂ, ಇಷ್ಟು ದಿನ ಅವರ ಮದ್ದು ತಿಂದು ಗುಣವಿಲ್ಲ ಎನ್ನುವುದು ಹೇಗೆ ಎಂದು, ಕಡಿಮೆ ಉಂಟು ಎನ್ನುತ್ತಿದ್ದರು. ನಾನು ಆ ಮಾತಿನಲ್ಲೇ ಬೆಳೆದವನು. ಹಬ್ಬ ಕಳೆದ ಮೇಲೆ ಮೆಲ್ಲ ಹೇಳಿದರಾಯಿತು, ಮತ್ತೆ ಶುರುವಾಯಿತು ಎಂದರಾಯಿತು ಎಂದುಕೊಂಡಿದ್ದೆ.

ಹಬ್ಬ ಬಂತು, ಪಾಯಸ ಬಂತು. ಪಾಯಸದ ಪಾತ್ರೆ ಹಿಡಿದು ಬಂದ ಕಾಕ, ಅಂಗಳದಲ್ಲಿದ್ದ ವ್ಯಾನಿನ ಬೆನ್ನು ತಟ್ಟಿ, "ಹೇಗೆ, ಮಾತು ಕೇಳ್ತದಾ?" ಎಂದರು. ನಾನು "ಕೇಳ್ತದೆ, ಕೇಳ್ತದೆ" ಎಂದೆ. ಮೊದಲಿನದಕ್ಕಿಂತ ಈ ಎರಡನೆಯದು ಸುಲಭವಾಗಿತ್ತು. ಆಮೇಲೆ ಅವರು ಕೇಳುವುದನ್ನೂ ಬಿಟ್ಟರು. ಕೇಳದವರ ಹತ್ತಿರ ತಾನಾಗಿ ಹೋಗಿ ಹೇಳುವುದು ಹೇಗೆ?

ಹಾಗೆ ನಾವು ರೋಗದೊಂದಿಗೆ ಸಂಸಾರ ಮಾಡುವುದನ್ನು ಕಲಿತೆವು. ಮನೆಯಿಂದ ಬೇಗ ಹೊರಡುವುದು, ಏರಿನ ಮೊದಲು ಸ್ವಲ್ಪ ನಿಲ್ಲಿಸಿ ತಣಿಸುವುದು, ನಿಂತರೆ ಬದಿಗೆ ತೆಗೆಯುವುದು. ದಿನವೂ ಕೂತು ನೋಡುವವನಿಗೆ ಕಾಯಿಲೆಯ ಸ್ವಭಾವ ತಿಳಿಯುತ್ತದೆ. ಪೆಟ್ರೋಲು ಅರ್ಧಕ್ಕಿಂತ ಕೆಳಗೆ ಬಂದ ದಿನ ಬಿಕ್ಕಳಿಕೆ ಹೆಚ್ಚು, ತುಂಬಿಸಿದ ದಿನ ಕಡಿಮೆ. ಕಾಕ ಇದನ್ನು ಕೇಳಿದ್ದರೆ ಆ ಕ್ಷಣವೇ ಏನಾದರೂ ಹೊಳೆಯುತ್ತಿತ್ತೋ ಏನೋ. ಆದರೆ ಸರಿಯಾದ ವ್ಯಾನಿನ ಬಿಕ್ಕಳಿಕೆಯ ಬಗ್ಗೆ ಅವರ ಹತ್ತಿರ ಹೇಳುವುದು ಹೇಗೆ?

ಹೆಂಡತಿಯ ಒತ್ತಾಯಕ್ಕೆ ಒಂದು ದಿನ ಸುರತ್ಕಲ್ಲಿನ ಹೆದ್ದಾರಿ ಬದಿಯ ದೊಡ್ಡ ಗ್ಯಾರೇಜಿಗೂ ಹೋದೆವು. ಕಾಕನ ಶೆಡ್ಡು ದಾಟದೆ ಹೋಗಬೇಕೆಂದು ಕೃಷ್ಣಾಪುರದ ಒಳದಾರಿ ಹಿಡಿದು, ಹೊಂಡ ಹಾರಿಸುತ್ತ ಹೋದದ್ದು. "ಇನ್ನೊಬ್ಬಳ ಮನೆಗೆ ಹೋಗುವವರೂ ಇಷ್ಟು ಹೆದರ್ಲಿಕ್ಕಿಲ್ಲ," ಎಂದಳು ಹೆಂಡತಿ.

ಅಲ್ಲಿ ನೆಲಕ್ಕೆಲ್ಲ ಟೈಲ್ಸ್. ಇಸ್ತ್ರಿ ಹಾಕಿದ ಅಂಗಿಯ ಸೂಪರ್‌ವೈಸರ್ ಕೈಯಲ್ಲಿ ಒಂದು ಸಣ್ಣ ಕಂಪ್ಯೂಟರ್ ಹಿಡಿದು ವ್ಯಾನಿನ ಸುತ್ತ ಬಂದರು. "ಇದಕ್ಕೆ ಕಂಪ್ಯೂಟರ್ ಚುಚ್ಚುವ ಜಾಗವೇ ಇಲ್ಲ ಅಂಕಲ್," ಎಂದರು. ಆಮೇಲೆ ಸೀಟು ಎತ್ತಿ ಒಳಗೆ ನೋಡಿ ನಕ್ಕರು. ಒಂದು ಕ್ಲಿಪ್ ಇರಬೇಕಾದಲ್ಲಿ ಕಾಕ ತಂತಿ ಸುತ್ತಿದ್ದರು. "ಯಾರು ಇದಕ್ಕೆ ಕೈ ಹಾಕಿದ್ದು?"

ನಾನು "ಯಾರೋ" ಎಂದೆ.

ಹೆಂಡತಿ ನನ್ನನ್ನೇ ನೋಡಿದಳು. ಗ್ಯಾರೇಜಿನವರು ಸಂಜೆಯವರೆಗೆ ಇಟ್ಟುಕೊಂಡು, ತೊಳೆದು ಕೊಟ್ಟು, ಇದನ್ನು ಮಾರುವುದು ಒಳ್ಳೆಯದು ಎಂದು ಬುದ್ಧಿ ಹೇಳಿದರು. ವ್ಯಾನು ಮರುದಿನವೂ ನಿಂತಿತು. ನನ್ನ ತಲೆಯಲ್ಲಿ ಉಳಿದದ್ದು ಆ "ಯಾರೋ" ಒಂದೇ. ಆ ತಂತಿ ಸುತ್ತಿದವರು ಅಂದು ನೀರು ಮುಟ್ಟದೆ ಮಲಗಿ ಸುತ್ತಿದ್ದರು.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಕಾಕ ನಮ್ಮ ಜಗಲಿಗೆ ಬಂದರು. ಒಳ್ಳೆಯ ಅಂಗಿ ಹಾಕಿದ್ದರು.

"ಅಳಿಯನಿಗೆ ಟಿಕೆಟ್ ಆಯ್ತು. ಆರು ತಿಂಗಳು ಮುಗಿಯುವ ಬಾಗಿಲಲ್ಲೇ ಸಿಕ್ಕಿದ್ದು. ಅದು ತಪ್ಪಿದ್ರೆ ಮತ್ತೆ ಇಲ್ಲ. ಏರ್‌ಪೋರ್ಟಿಗೆ ಬಿಡ್ಲಿಕ್ಕೆ ನಿಮ್ಮ ವ್ಯಾನು ಬೇಕಿತ್ತು."

ನಮ್ಮ ವಿಮಾನ ನಿಲ್ದಾಣ ಇರುವುದು ಗುಡ್ಡದ ತಲೆಯ ಮೇಲೆ. ಕದ್ರಿಯ ಏರು ಅದರ ಮುಂದೆ ಏನೂ ಅಲ್ಲ. ನಾನು ಕೈಯಲ್ಲಿದ್ದ ತೆಂಗಿನಕಾಯಿ ಹೋಳು ಕೆಳಗಿಟ್ಟೆ.

"ಟ್ಯಾಕ್ಸಿ ಆದ್ರೆ ಆರಾಮ ಅಲ್ವಾ ಕಾಕ?" ಎಂದೆ. "ಎಸಿ ಎಲ್ಲ ಇರ್ತದೆ. ಮಗು ಬೇರೆ ಉಂಟು."

"ಎಂತದ್ದು ಎಸಿ! ಮನೆಯವರೆಲ್ಲ ಬರ್ತಾರೆ, ಟ್ಯಾಕ್ಸಿಯಲ್ಲಿ ಹಿಡೀತದಾ? ನಾನೇ ಸರಿ ಮಾಡಿದ ಗಾಡಿ ಎದುರು ಇರುವಾಗ ಟ್ಯಾಕ್ಸಿಯವನ ಕಾಲು ಯಾಕೆ ಹಿಡಿಯುದು? ಅಳಿಯನ ಹತ್ತಿರ ಹೇಳಿ ಆಗಿದೆ. ಮಾವ ರಿಪೇರಿ ಮಾಡಿದ ಗಾಡಿಯಲ್ಲಿ ಹೋಗು, ನೋಡು, ಅಂತ."

ಗಲ್ಫಿಗೆ ಹೋಗುವವನನ್ನು ಬಿಡಲು ಮನೆಯವರೆಲ್ಲ ಹೋಗುವುದು ನಮ್ಮಲ್ಲಿ ಪದ್ಧತಿ. ಗಾಜಿನ ಬಾಗಿಲ ಎದುರು ನಿಂತು, ಅವನು ಒಳಗೆ ಹೋಗಿ ಸಾಲಿನಲ್ಲಿ ನಿಂತು ಕಣ್ಮರೆಯಾಗುವವರೆಗೆ ಕೈ ಬೀಸಿದರೆ ಮಾತ್ರ ಬಿಟ್ಟು ಬಂದ ಹಾಗೆ. ಮತ್ತೆ ನೋಡುವುದು ಯಾವಾಗಲೋ. ಈ ಸಲ ಮಗುವಿನ ಕೈ ಹಿಡಿದು ಬೀಸಿಸಬೇಕೆಂದು ಮಗಳು ದಿನ ಎಣಿಸುತ್ತಿದ್ದಳಂತೆ. ಅದನ್ನೂ ಕಾಕನೇ ಹೇಳಿದರು.

"ಈಗಲೇ ಹೋಗಿ ನಿಜ ಹೇಳಿ," ಎಂದಳು ಹೆಂಡತಿ, ಅವರು ಗೇಟು ದಾಟಿದ್ದೇ. "ಬೈದ್ರೆ ಬೈಸಿಕೊಳ್ಳಿ. ಬೈದ ಗಾಯ ಮಾಸ್ತದೆ. ವಿಮಾನ ತಪ್ಪಿದ್ರೆ ಎಂತ ಮಾಡ್ತೀರಿ?"

ಹೋದೆ. ಹೇಳಲಿಕ್ಕೆಂದೇ ಹೋದೆ, ಸತ್ಯವಾಗಿ. ಅವರ ಚಾವಡಿಯಲ್ಲಿ ನೆಂಟರು ತುಂಬಿದ್ದರು. ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ ಅಳಿಯ ಎದ್ದು ಕುರ್ಚಿ ಕೊಟ್ಟ. ಯಾರೋ ಕೈಗೆ ಚಾ, ಯಾರೋ ತಟ್ಟೆಯಲ್ಲಿ ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ ಕೊಟ್ಟರು. ಕಾಕ ಎಲ್ಲರಿಗೂ ಕೇಳುವ ಹಾಗೆ, "ಇವರೇ ನಾಳೆ ನಮ್ಮ ಪೈಲಟ್!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪೋಡಿ ತಿಂದು ಬಂದೆ.

"ಹೇಳಿದ್ರಾ?"

"ಜನ ಇದ್ರು."

ಹೆಂಡತಿ ಒಳಗೆ ಹೋದಳು. ನಾನು ಪೆಟ್ರೋಲ್ ಪಂಪಿಗೆ ಹೋಗಿ ಟ್ಯಾಂಕು ಬಾಯಿಮಟ್ಟ ತುಂಬಿಸಿದೆ. ನಾನೇ ಓಡಿಸುವವನು, ಏರಿನ ಮೊದಲು ತಣಿಸುತ್ತೇನೆ, ತುಂಬಿದ ಟ್ಯಾಂಕಿಗೆ ಬಿಕ್ಕಳಿಕೆ ಕಡಿಮೆ ಎಂದೆಲ್ಲ ಲೆಕ್ಕ ಹಾಕಿದೆ. ದೇವರ ಕೋಣೆಯ ಎದುರು ಒಂದು ಹೊತ್ತು ನಿಂತೆ. ಕೇಳಲಿಕ್ಕೆ ಬಾಯಿ ಬರಲಿಲ್ಲ.

ಮರುದಿನ ಹೊರಡುವುದೇ ತಡವಾಯಿತು. ನಮಾಜು, ಊಟ, ಅಜ್ಜಿಯ ಅಳು, ಮರೆತ ಚೀಲ. ನನ್ನ ಪಕ್ಕದಲ್ಲಿ ಕಾಕ ಕೂತರು. ಹಿಂದೆ ಅಳಿಯ, ಮಗಳು, ಅವಳ ಮಡಿಲಲ್ಲಿ ಮಗು, ಕಾಕನ ಹೆಂಡತಿ, ಮಗಳ ತಂಗಿಯರು, ಪೆಟ್ಟಿಗೆ, ಕಾಲಿಡಲು ಜಾಗವಿರಲಿಲ್ಲ. ಮಳೆ ಬಿಟ್ಟಿತ್ತು. ಕಾಕ ದಾರಿಯುದ್ದಕ್ಕೂ ಹಿಂದೆ ತಿರುಗಿ ಅಳಿಯನಿಗೆ ಎಂಜಿನಿನ ಶಬ್ದ ಕೇಳಿಸುತ್ತಿದ್ದರು. "ನೋಡು, ಎಷ್ಟು ಸ್ಮೂತ್!" ತಣಿಸಲೆಂದು ನಾನು ಏರಿನ ಬುಡದಲ್ಲಿ ನಿಲ್ಲಿಸಿದಾಗ, "ಎಂತಕ್ಕೆ ನಿಲ್ಲಿಸುದು? ಹೊತ್ತಾಯ್ತು, ಎಳೆಯಿರಿ," ಎಂದರು.

ಎಳೆದೆ. ಅರ್ಧ ಏರಿನಲ್ಲಿ ಅದು ಬಿಕ್ಕಳಿಸಿತು. ಕಾಕನ ಮಾತು ಅಲ್ಲೇ ನಿಂತಿತು. ಮತ್ತೊಮ್ಮೆ. ಆಮೇಲೆ ವ್ಯಾನು ನಿಂತು, ಹಿಂದಕ್ಕೆ ಜಾರತೊಡಗಿತು. ಹಿಂದಿನ ಹೆಂಗಸರು ಒಟ್ಟಿಗೆ ಕೂಗಿದರು.

ನನ್ನ ಕೈಕಾಲು ತಾವಾಗಿ ಕೆಲಸ ಮಾಡಿದವು. ಬ್ರೇಕ್, ಹ್ಯಾಂಡ್‌ಬ್ರೇಕ್, ಬಾಗಿಲು. ಸೀಟಿನ ಬದಿಯಿಂದ ಮರದ ತುಂಡು ಎಳೆದು ಓಡಿಹೋಗಿ ಹಿಂದಿನ ಚಕ್ರಕ್ಕೆ ಕೊಟ್ಟೆ. ಕದ್ರಿ ಏರಿಗೆಂದು ಹಳೆಯ ಮಣೆ ಕುಯ್ದು ಮಾಡಿಕೊಂಡ ತುಂಡು ಅದು. ಒಂದು ಬದಿ ಓರೆ, ಎತ್ತಲು ಹಗ್ಗದ ಕುಣಿಕೆ. ತಲೆ ಎತ್ತುವಾಗ ಕಾಕ ಇಳಿದು ಬಂದು ನಿಂತಿದ್ದರು. ಅವರು ನೋಡುತ್ತಿದ್ದದ್ದು ಎಂಜಿನನ್ನಲ್ಲ. ಟೈರಿನ ಗುರುತು ಬಿದ್ದು ಬಿದ್ದು ಕಪ್ಪಾಗಿದ್ದ ಆ ತುಂಡನ್ನು.

"ಇದು ಯಾವಾಗಿಂದ ಉಂಟು ನಿಮ್ಮ ಹತ್ತಿರ?"

"ಹಬ್ಬಕ್ಕಿಂತ ಮೊದಲಿಂದ," ಎಂದೆ.

ಮತ್ತೆ ಕೇಳಲು ಹೊತ್ತಿರಲಿಲ್ಲ. ಅಳಿಯ ಗಡಿಯಾರ ನೋಡುತ್ತಿದ್ದ. ಕಾಕ ರಸ್ತೆಯ ನಡುವೆ ಹೋಗಿ ಎರಡೂ ಕೈ ಎತ್ತಿದರು. ಯಾರನ್ನೋ ಕರೆದುಕೊಂಡು ಬರಲು ಹೋಗುತ್ತಿದ್ದ ಒಂದು ಕಾರು ನಿಂತಿತು. ಒಳಗಿದ್ದವರು ನೋಡಿ, "ಒಬ್ಬರಿಗೆ ಜಾಗ ಉಂಟು, ಬೇಗ ಬನ್ನಿ," ಎಂದರು. ಒಬ್ಬರಿಗೆ ಮಾತ್ರ.

ಪೆಟ್ಟಿಗೆಯನ್ನು ನಾನು ಎಳೆದು ಕಾರಿಗೆ ಹಾಕಿದೆ. ಅಳಿಯ ಅತ್ತೆಯ ಕೈ ಹಿಡಿದ, ಬಿಟ್ಟ. ಮಗು ನಿದ್ದೆಯಲ್ಲಿತ್ತು. ಮಗಳು ಅದನ್ನು ಎಬ್ಬಿಸಲು ಕೆನ್ನೆ ತಟ್ಟುತ್ತಿದ್ದಳು. ಅದು ತುಟಿ ಚೀಪಿ ಮತ್ತೆ ಮಲಗಿತು. ಅವನು ಬಟ್ಟೆಯ ಹೊರಗೆ ಬಂದಿದ್ದ ಮಗುವಿನ ಕಾಲನ್ನು ಮುಟ್ಟಿದ. ಹಿಂದಿನಿಂದ ಲಾರಿಯ ಹಾರ್ನು. ಕಾರಿನ ಬಾಗಿಲು ಮುಚ್ಚಿತು. ತಿರುವಿನಲ್ಲಿ ಅದು ಮಾಯವಾದ ಮೇಲೆ ಮಗಳು ಮಗುವಿನ ಕೈ ಎತ್ತಿ ಬೀಸಿದಳು, ಖಾಲಿ ರಸ್ತೆಗೆ.

ವಿಮಾನ ಸಿಕ್ಕಿತು. ಸ್ವಲ್ಪ ಹೊತ್ತಿನಲ್ಲಿ ಅವನ ಫೋನು ಬಂತು. ಬಾಗಿಲು ದಾಟಿ ಒಳಗೆ ಹೋಗಿದ್ದ. ವೀಸಾ ಉಳಿಯಿತು, ಕೆಲಸ ಉಳಿಯಿತು. ಇದನ್ನು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅಷ್ಟರಲ್ಲಿ ವ್ಯಾನು ತಣಿದಿತ್ತು, ಕೀ ತಿರುಗಿಸಿದೊಡನೆ ಸ್ಟಾರ್ಟ್ ಆಯಿತು. ಅಂದು ಅದು ಸ್ಟಾರ್ಟ್ ಆಗದಿದ್ದರೇ ಚೆನ್ನಾಗಿತ್ತು.

ಹತ್ತುವಾಗ ಮಗಳು ನನ್ನ ಹತ್ತಿರ ನಿಂತು, "ನೀವು ಬೇಜಾರು ಮಾಡ್ಬೇಡಿ ಅಂಕಲ್. ಹಳೆ ಗಾಡಿ ಅಲ್ವಾ? ನಿಮಗೆಂತ ಗೊತ್ತಿತ್ತು," ಎಂದಳು.

ಕಾಕ ಕೇಳಿಸಿಕೊಂಡರು. ಆಗಲೇ ಅವರು ಬಾಯಿ ಬಿಟ್ಟರೆ ಮುಗಿಯಿತು ಎಂದುಕೊಂಡೆ. ಅವರು ಬಾಯಿ ಬಿಡಲಿಲ್ಲ. ಮುಂದಿನ ಸೀಟು ಬಿಟ್ಟು ಹಿಂದೆ ಹೆಂಗಸರ ನಡುವೆ ಇಕ್ಕಟ್ಟಿನಲ್ಲಿ ಕೂತರು. ಖಾಲಿ ಸೀಟನ್ನು ಪಕ್ಕದಲ್ಲಿಟ್ಟುಕೊಂಡು ನಾನು ಕಾಟಿಪಳ್ಳದವರೆಗೆ ಓಡಿಸಿದೆ.

ಅವರನ್ನು ಇಳಿಸಿದ ಮೇಲೆ ಮಗಳ ಹತ್ತಿರ ಹೋಗಿ, "ನನಗೆ ಗೊತ್ತಿತ್ತಮ್ಮ," ಎಂದೆ. ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಮಗುವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿ ಒಳಗೆ ಹೋದಳು. ಕಾಕ ಮೆಟ್ಟಿಲ ಮೇಲೆ ನಿಂತಿದ್ದರು.

"ಅವತ್ತು ಯಾಕೆ ಹೇಳ್ಲಿಲ್ಲ?"

"ನೀವು ಉಪವಾಸದಲ್ಲಿ ಅಷ್ಟು ಕಷ್ಟಪಟ್ಟಿರಲ್ಲ ಕಾಕ. ಮತ್ತೆ ಸರಿ ಇಲ್ಲ ಅಂತ ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ."

"ಕಷ್ಟ ಪಟ್ಟದ್ದು ಗಾಡಿ ಸರಿ ಆಗ್ಲಿಕ್ಕೆ ಅಲ್ವಾ ಮಾರಾಯ್ರೆ?" ಎಂದರು. ಧ್ವನಿ ಏರಿಸಲಿಲ್ಲ. "ನನ್ನನ್ನು ಖುಷಿ ಮಾಡ್ಲಿಕ್ಕೆ ನಾನೆಂತ ಸಣ್ಣ ಮಗುವಾ? ಅಳಿಯನ ಎದುರು ಎಷ್ಟು ದೊಡ್ಡ ಮಾತಾಡಿದೆ ನಾನು."

ಆ ಸಂಜೆ ಹೆಂಡತಿ ಬೈಯಲಿಲ್ಲ. ಬೈಯುತ್ತಾಳೆಂದು ಕಾದೆ. ಅವಳು ಮರುದಿನದ ಅಕ್ಕಿ ತೊಳೆಯುತ್ತ, "ನಾನಾದ್ರೂ ಹೋಗಿ ಹೇಳ್ಬಹುದಿತ್ತು," ಎಂದಳು. ಅವಳನ್ನೂ ನನ್ನ ತಪ್ಪಿನೊಳಗೆ ಎಳೆದೆನಲ್ಲ ಎಂದು ಇನ್ನಷ್ಟು ಕುಗ್ಗಿದೆ.

ಒಂದೆರಡು ದಿನ ಬಿಟ್ಟು ಕಾಕ ನಮ್ಮ ಅಂಗಳಕ್ಕೆ ಬಂದರು. ಜ್ಯಾಕು, ಗೋಣಿ, ಸ್ಪಾನರಿನ ಚೀಲ. "ಹೇಳಿ," ಎಂದರು, ಗೋಣಿ ಹಾಸುತ್ತ. "ಎಲ್ಲಿ ನಿಲ್ತದೆ, ಯಾವಾಗ ನಿಲ್ತದೆ, ಎಲ್ಲ ಹೇಳಿ." ಹೇಳಿದೆ. ಏರು, ಬಿಸಿ, ಅರ್ಧ ಟ್ಯಾಂಕು, ತಣಿದ ಮೇಲೆ ಸ್ಟಾರ್ಟ್. ಸುರತ್ಕಲ್ಲಿನ ಗ್ಯಾರೇಜನ್ನೂ ಹೇಳಿದೆ. ಅದಕ್ಕೆ ಅವರು "ಹ್ಞೂಂ" ಎಂದರು ಅಷ್ಟೇ. "ಯಾರೋ" ಎಂದದ್ದನ್ನು ಹೇಳಲಿಲ್ಲ. ಅಷ್ಟು ಧೈರ್ಯ ಈಗಲೂ ಬಂದಿಲ್ಲ.

ಟ್ಯಾಂಕು ಇಳಿಸಿ ಮಗುಚಿದಾಗ ಪೆಟ್ರೋಲಿನ ಜೊತೆ ಕೆಂಪು ಕೆಸರು ಬಂತು. ಸಮುದ್ರದ ಗಾಳಿಗೆ ಒಳಗಿನಿಂದಲೇ ತುಕ್ಕು ಹಿಡಿದಿತ್ತು. ಏರಿನಲ್ಲಿ ಎಂಜಿನು ಜೋರಾಗಿ ಎಳೆಯುವಾಗ ಆ ಕೆಸರು ಬಂದು ಟ್ಯಾಂಕಿನ ಒಳಗಿನ ಜಾಲರಿಗೆ ಅಂಟುವುದು. ನಿಲ್ಲಿಸಿದ ಮೇಲೆ ಕಳಚಿ ಕೆಳಗೆ ಕೂರುವುದು. ಬಿಸಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ನಾನು ತಣಿಸಿದ್ದೆಲ್ಲ ಸುಮ್ಮನೆ. ಕಾಕ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಹಬ್ಬ ಕಳೆದು ಇಳಿಸುವ ಅಂತ ಹೇಳಿದ್ದೆ," ಎಂದರು. ಬೇರೆ ಟ್ಯಾಂಕು ತಂದು ಕೂರಿಸಿದರು. ಆಮೇಲೆ ನನ್ನನ್ನು ಕೇಳದೆ ತಾವೇ ಕೀ ತೆಗೆದುಕೊಂಡು ಕದ್ರಿಗೆ ಹೋಗಿ, ಏರು ಹತ್ತಿ ಇಳಿದು, ಮತ್ತೆ ಹತ್ತಿ ಬಂದು, ಕೀಯನ್ನು ಹೆಂಡತಿಯ ಕೈಯಲ್ಲಿ ಕೊಟ್ಟರು.

ಅಂದಿನಿಂದ ವ್ಯಾನು ಒಮ್ಮೆಯೂ ನಿಂತಿಲ್ಲ. 

ಮಳೆಗಾಲ ಮುಗಿದು ಸ್ವಲ್ಪ ಸಮಯಕ್ಕೆ ಕಾಕನ ಮಗಳಿಗೂ ಮಗುವಿಗೂ ವೀಸಾ ಬಂತೆಂದು ಸುದ್ದಿಯಾಯಿತು. ಹೊರಡುವ ದಿನ ಹತ್ತಿರವಾದಂತೆ ನಾನು ಕಾಯತೊಡಗಿದೆ. ವ್ಯಾನು ತೊಳೆದೆ, ಸೀಟಿನ ಕವರು ಒಗೆದು ಹಾಕಿದೆ, ಸಾಂಬಾರಿನ ವಾಸನೆ ಹೋಗಲೆಂದು ಬಾಗಿಲು ತೆರೆದಿಟ್ಟೆ. ಕೇಳಿದರೆ ಸಾಕು, ಈ ಸಲ ಗಾಜಿನ ಬಾಗಿಲವರೆಗೆ ಮುಟ್ಟಿಸುತ್ತೇನೆ ಎಂದು. ಹೆಂಡತಿ ನೋಡುತ್ತಿದ್ದಳು.

ಹಿಂದಿನ ದಿನ ಸಂಜೆ ಕಾಕ ಬಂದರು. ಗೇಟಿನ ಹೊರಗೇ ನಿಂತು ಮಾತಾಡಿದರು.

"ನಾಳೆ ಮಗಳು ಹೊರಡ್ತಾಳೆ. ನೀವಿಬ್ಬರೂ ಬರ್ಬೇಕು ಮನೆಗೆ." ಗೇಟಿನ ಚಿಲಕ ಮುಟ್ಟಿ ನೋಡಿದರು. "ಟ್ಯಾಕ್ಸಿ ಹೇಳಿದ್ದೇನೆ. ನೀವು ತಪ್ಪು ತಿಳೀಬೇಡಿ. ಲಗೇಜ್ ತುಂಬ ಉಂಟು, ವ್ಯಾನಲ್ಲಿ ಹಿಡೀಲಿಕ್ಕಿಲ್ಲ. ಇಲ್ಲದಿದ್ರೆ ನಿಮ್ಮ ವ್ಯಾನಲ್ಲೇ ಹೋಗ್ತಿದ್ದೆವು."

"ಅಯ್ಯೋ, ಅದಕ್ಕೆಂತ ಕಾಕ," ಎಂದೆ.

ಮರುದಿನ ಹೋದೆವು. ಮಗು ಈಗ ಆಸರೆಯಿಲ್ಲದೆ ಕೂತು ಸುತ್ತ ನೋಡುತ್ತಿತ್ತು. ಹೆಂಡತಿ ಎತ್ತಿಕೊಂಡು ಅಂಗಳದಲ್ಲಿ ತಿರುಗಿದಳು. ಮಗಳು ನನ್ನ ಕಡೆ ನೋಡಿ ನಕ್ಕಳು, ನೆಂಟರಿಗೆಲ್ಲ ನಗುವ ಹಾಗೆ. ಟ್ಯಾಕ್ಸಿ ಬಂತು. ಒಳಗಿನಿಂದ ಒಂದು ಪೆಟ್ಟಿಗೆ, ಒಂದು ಕೈಚೀಲ ಬಂತು. ನಾನು ಉಳಿದದ್ದಕ್ಕೆ ಕಾಯುತ್ತ ನಿಂತೆ. ಬೇರೆ ಏನೂ ಬರಲಿಲ್ಲ.

ಪೆಟ್ಟಿಗೆಯನ್ನು ನಾನೇ ಎತ್ತಿ ಡಿಕ್ಕಿಯಲ್ಲಿಟ್ಟೆ. ಅದರ ಪಕ್ಕದಲ್ಲಿ ಇನ್ನೂ ಎರಡು ಪೆಟ್ಟಿಗೆ ಹಿಡಿಯುವಷ್ಟು ಜಾಗ ಉಳಿದಿತ್ತು. ಕಾಕ ಹತ್ತಿರ ಬಂದು ನಿಂತಿದ್ದರು; ಅವರೂ ಆ ಖಾಲಿ ಜಾಗವನ್ನೇ ನೋಡುತ್ತಿದ್ದರು.

"ಹೌದು ಕಾಕ," ಎಂದೆ, ಡಿಕ್ಕಿ ಮುಚ್ಚುತ್ತ. "ಲಗೇಜ್ ತುಂಬ ಉಂಟು."